ಹನ್ನೆರಡು ತಿಂಗಳ ಮೇಯರ್

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ ಅಸ್ತಿತ್ವಕ್ಕೆ ಬಂದದ್ದು 1962ರಲ್ಲಿ. ಸುಮಾರು 20 ಕಿ.ಮೀ. ಅಂತರದ ಎರಡು ಊರುಗಳೂ ಅವುಗಳ ನಡುವಿನ ರಾಯಾಪುರವೂ ಇದರ ವ್ಯಾಪ್ತಿಯಲ್ಲಿವೆ. 2011ರ ಜನಗಣತಿಯಂತೆ ಜನಸಂಖ್ಯೆ 9.43 ಲಕ್ಷ, ವಾರ್ಡುಗಳು 82. ಅವಳಿನಗರದ ಈ ಸ್ವಯಮಾಡಳಿತಕ್ಕೆ ದೊಡ್ಡ ಹೆಸರಿದೆ. ಕೆಲಸದ ಅಧಿಕಾರ ಯಾರ ಕೈಯಲ್ಲಿದೆ ಎಂದು ನೋಡಿದರೆ ಆ ಹೆಸರು ನಿಲ್ಲುವುದಿಲ್ಲ.

1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ ಕಾರ್ಯಾಂಗದ ಅಧಿಕಾರವನ್ನು ಆಯುಕ್ತರಿಗೆ ಕೊಟ್ಟಿದೆ. ಅವರನ್ನು ನೇಮಿಸುವುದೂ ವರ್ಗಾಯಿಸುವುದೂ ರಾಜ್ಯ ಸರ್ಕಾರ. ಮೇಯರ್ ಸಾಮಾನ್ಯ ಸಭೆಯ ಅಧ್ಯಕ್ಷತೆ ವಹಿಸುತ್ತಾರೆ, ಠರಾವು ಮಂಡನೆಯಾಗುತ್ತದೆ, ಜಾರಿ ಆಯುಕ್ತರ ಕಚೇರಿಗೆ ಬಿಟ್ಟದ್ದು. ಮೇಯರ್, ಉಪಮೇಯರ್, ನಾಲ್ಕು ಸ್ಥಾಯಿ ಸಮಿತಿ ಎಲ್ಲದರ ಅವಧಿ ಒಂದೇ ವರ್ಷ. ಮೇಯರ್ ಸ್ಥಾನದ ಮೀಸಲಾತಿಯನ್ನೂ ಸರ್ಕಾರವೇ ಪ್ರಕಟಿಸುತ್ತದೆ.

ಈ ಒಂದು ವರ್ಷದ ಲೆಕ್ಕವನ್ನು ಬಿಡಿಸಿ ನೋಡಬೇಕು. ಹಿಂದಿನ ಪರಿಷತ್ತಿನ ಅವಧಿ 2019ರಲ್ಲಿ ಮುಗಿಯಿತು. ಮತದಾನ ನಡೆದದ್ದು 2021ರ ಸೆಪ್ಟೆಂಬರ್ 3ರಂದು. ಮೇಯರ್ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ಮೂರು ವರ್ಷ ಊರು ಮೇಯರ್ ಇಲ್ಲದೆ ನಡೆಯಿತು. ಮೇನಲ್ಲಿ ಕುರ್ಚಿ ಏರಿದವರಿಗೆ ಸಿಗುವುದು ಏಪ್ರಿಲ್‌ನಲ್ಲೇ ಶುರುವಾದ ಬಜೆಟ್ಟು. ತಮ್ಮ ಅವಧಿಯಲ್ಲಿ ರೂಪಿಸಿದ ಬಜೆಟ್ಟು ಜಾರಿಗೆ ಬರುವ ಹೊತ್ತಿಗೆ ಅವರು ಇಳಿಯುವ ದಿನ ಹತ್ತಿರವಾಗಿರುತ್ತದೆ. ಅಧಿಕಾರಿಗಳಿಗೆ ಇದು ಚೆನ್ನಾಗಿ ಗೊತ್ತು. ಬೇಡದ ಕಡತವನ್ನು ತಿರಸ್ಕರಿಸುವ ಅಗತ್ಯವೇ ಇಲ್ಲ, ನಾಲ್ಕು ತಿಂಗಳು ಮೇಜಿನ ಮೇಲಿಟ್ಟರೆ ಸಾಕು. ಯಾವ ಪಕ್ಷದ ಮೇಯರ್ ಬಂದರೂ ಕಥೆ ಇಷ್ಟೇ.

ಉಳಿದ ಅಧಿಕಾರವೂ ಹಂಚಿಹೋಗಿದೆ. ರಾಯಾಪುರದಲ್ಲಿ ತ್ವರಿತ ಸಾರಿಗೆಯ (ಬಿಆರ್‌ಟಿಎಸ್) ಚಿಗರಿ ಬಸ್ಸು ತಡವಾದರೆ ವಾರ್ಡ್ ಸದಸ್ಯರನ್ನು ಕೇಳಿ ಫಲವಿಲ್ಲ; ಬಿಆರ್‌ಟಿಎಸ್ ಹಾದಿ ಪ್ರತ್ಯೇಕ ಕಂಪನಿಯದು, ಬಸ್ಸು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯದು. ಬಡಾವಣೆಯ ನಕ್ಷೆ ನಗರಾಭಿವೃದ್ಧಿ ಪ್ರಾಧಿಕಾರದ್ದು. ಕುಡಿಯುವ ನೀರಿನ ನಿರ್ವಹಣೆ ಖಾಸಗಿ ಕಂಪನಿಯದು.

ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಯೇ ಪರಿಹಾರ ಎಂದು ವಾದಿಸುವವರಿದ್ದಾರೆ. 2025ರ ಜನವರಿಯಲ್ಲಿ ಸಚಿವ ಸಂಪುಟವೂ ಒಪ್ಪಿತು. ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿರುವುದರಿಂದ ಧಾರವಾಡದ ಅಸಮಾಧಾನ ಸಹಜ. ಆದರೆ ರೋಗ ದೂರದಲ್ಲಿಲ್ಲ, ಕಾಯ್ದೆಯಲ್ಲಿದೆ. ವಿಭಜನೆಯಾದರೆ ಸಿಗುವುದು ಅದೇ ಕಾಯ್ದೆಯಡಿ ಇಬ್ಬರು ಆಯುಕ್ತರು, ವರ್ಷಕ್ಕೊಮ್ಮೆ ಬದಲಾಗುವ ಇಬ್ಬರು ಮೇಯರುಗಳು. ಕೋಲ್ಕತ್ತ 1980ರ ಕಾಯ್ದೆಯಲ್ಲೇ ಬೇರೆ ಹಾದಿ ಹಿಡಿಯಿತು: ಅಲ್ಲಿ ಮೇಯರ್ ಪರಿಷತ್ತಿಗೇ ಕಾರ್ಯಾಂಗದ ಅಧಿಕಾರವಿದೆ, ಅವಧಿ ಐದು ವರ್ಷ. ಗಡಿ ಎಲ್ಲಿ ಎಳೆಯಬೇಕೆಂದು ಇಷ್ಟು ವರ್ಷ ವಾದಿಸಿದವರು ಈ ಮಾದರಿಯನ್ನು ಚರ್ಚೆಗೇ ತಂದಿಲ್ಲ.