ಕಂಡದ್ದೆಲ್ಲ ರೋಗವಲ್ಲ

ಬೆಳಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ. ಹಾಲಿನ ಪ್ಯಾಕೆಟ್ ಕತ್ತರಿಸುವುದೇ ಒದ್ದಾಟ, ಒದ್ದೆ ಬಟ್ಟೆ ಹಿಂಡುವ ಮಾತು ದೂರವೇ ಉಳಿಯಿತು. ಗಂಟೆ ಕಳೆದ ಮೇಲೆ ಕೈ ತಾನಾಗಿ ಸಡಿಲವಾಗುತ್ತದೆ. ಎಕ್ಸ್‌ರೇ ತೆಗೆಸಿದರೆ ವರದಿಯಲ್ಲಿ ‘ನಾರ್ಮಲ್’. ರುಮಟಾಯ್ಡ್ ಸಂಧಿವಾತ ಹಲವರಲ್ಲಿ ಶುರುವಾಗುವುದೇ ಹೀಗೆ.

ಎಕ್ಸ್‌ರೇ ಸುಳ್ಳು ಹೇಳುತ್ತಿಲ್ಲ. ಅದಕ್ಕೆ ಚೆನ್ನಾಗಿ ಕಾಣುವುದು ಮೂಳೆ, ರೋಗ ಊರುವುದು ಕೀಲಿನ ಒಳಪೊರೆಯಲ್ಲಿ. ಆ ಪೊರೆ ಊದಿ, ದಪ್ಪವಾಗಿ, ಮೂಳೆಯ ಅಂಚನ್ನು ಕೊರೆದ ಮೇಲೆ ಎಕ್ಸ್‌ರೇಗೆ ಸುದ್ದಿ ಮುಟ್ಟುತ್ತದೆ. ಔಷಧಿ ಹೆಚ್ಚು ಫಲ ಕೊಡುವ ಮೊದಲ ಕೆಲವು ತಿಂಗಳು ಅಷ್ಟರಲ್ಲಿ ಕೈಜಾರಿರುತ್ತವೆ.

ಈ ಕೊರತೆ ತುಂಬಲು ಬಂದವು ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ. ಗೆಣ್ಣಿನ ಮೇಲೆ ತಣ್ಣನೆಯ ಜೆಲ್ ಸವರಿ ಪ್ರೋಬ್ ಇಟ್ಟರೆ ಪರದೆಯಲ್ಲಿ ಮೂಳೆ ಬಿಳಿ ಗೆರೆಯಾಗಿಯೂ ಊದಿದ ಪೊರೆ ಕಪ್ಪುಬೂದು ಗುಡ್ಡೆಯಾಗಿಯೂ ಕಾಣುತ್ತದೆ. ಡಾಪ್ಲರ್ ಹಾಕಿದರೆ ಅಲ್ಲಿ ಬೂದಿಯೊಳಗಿನ ಕೆಂಡದಂತೆ ಕೆಂಪು ಚುಕ್ಕೆಗಳು ಮಿನುಗುತ್ತವೆ. ಉರಿಯೂತದ ಜಾಗಕ್ಕೆ ನುಗ್ಗಿದ ರಕ್ತ ಅದು. 2000ದಲ್ಲಿ ಪ್ರಕಟವಾದ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಅಧ್ಯಯನದಲ್ಲಿ 100 ರೋಗಿಗಳ ಪೈಕಿ ಎಕ್ಸ್‌ರೇ 17 ಮಂದಿಯಲ್ಲಿ ಮೂಳೆಯ ಕೊರೆತ ತೋರಿಸಿದರೆ, ಅಲ್ಟ್ರಾಸೌಂಡ್ 56 ಮಂದಿಯಲ್ಲಿ ತೋರಿಸಿತು. ಎಂಆರ್‌ಐ ಇನ್ನೂ ಒಳಗೆ ಇಣುಕುತ್ತದೆ. ಮುಂದೆ ಕೊರೆತ ಬರಬಹುದೆಂದು ಸೂಚಿಸುವ ಮೂಳೆಮಜ್ಜೆಯ ಊತ ಅದಕ್ಕೆ ಕಾಣುತ್ತದೆ.

ಇಷ್ಟಾದರೂ ಈ ಕಣ್ಣುಗಳನ್ನು ಹಾಗೇ ನಂಬುವಂತಿಲ್ಲ. ಪ್ರೋಬನ್ನು ತುಸು ಜೋರಾಗಿ ಅದುಮಿದರೆ ಸಣ್ಣ ರಕ್ತನಾಳಗಳು ಒತ್ತಿಹೋಗಿ ಕೆಂಡ ಆರುತ್ತದೆ, ಉರಿಯೂತವೇ ಇಲ್ಲವೆಂದು ತೋರುತ್ತದೆ. ಎಂಆರ್‌ಐಯದು ಇದಕ್ಕೆ ತದ್ವಿರುದ್ಧದ ತೊಂದರೆ. ನೋವೇ ಇಲ್ಲದ ಆರೋಗ್ಯವಂತರ ಕೈಯಲ್ಲೂ, ಅದರಲ್ಲೂ ವಯಸ್ಸಾದವರಲ್ಲಿ, ಅದು ಅಷ್ಟಿಷ್ಟು ಊತ ತೋರಿಸುತ್ತದೆ.

ಚಿತ್ರ ನೋಡಿಕೊಂಡು ಚಿಕಿತ್ಸೆ ನಡೆಸಿದರೆ ರೋಗಿಗೆ ಲಾಭವುಂಟೇ? ಯುರೋಪಿನ ಮೂರು ಪ್ರಯೋಗಗಳು ಇದನ್ನು ನೇರವಾಗಿ ಕೇಳಿದವು. ನಾರ್ವೆಯ ‘ಆರ್ಕ್ಟಿಕ್’ (2016) 238 ಹೊಸ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಅಲ್ಟ್ರಾಸೌಂಡ್ ನೋಡಿ ಔಷಧಿ ಏರಿಸಿತು, ಉಳಿದವರಿಗೆ ಕೈ ಮುಟ್ಟಿ ನೋಡಿ. ಎರಡು ವರ್ಷದ ಗುರಿ ಮುಟ್ಟಿದವರು ಶೇ. 22 ಮತ್ತು ಶೇ. 19, ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ. ಡೆನ್ಮಾರ್ಕ್‌ನಲ್ಲಿ 200 ರೋಗಿಗಳ ಮೇಲೆ ಎಂಆರ್‌ಐ ಇಟ್ಟುಕೊಂಡು ನಡೆಸಿದ ಪ್ರಯೋಗದಲ್ಲೂ (2019) ಮುಖ್ಯ ಗುರಿಗಳಲ್ಲಿ ಗೆಲುವು ಸಿಗಲಿಲ್ಲ, ಗಂಭೀರ ಆರೋಗ್ಯ ತೊಂದರೆಗಳು ಮಾತ್ರ ಎಂಆರ್‌ಐ ಗುಂಪಿನಲ್ಲಿ ಹೆಚ್ಚಿದವು. ನೆದರ್‌ಲೆಂಡ್ಸ್‌ನ ಲೈಡನ್ ವೈದ್ಯರದು ಇನ್ನೂ ಧೈರ್ಯದ ಹೆಜ್ಜೆ. ಕೀಲು ಹೊರಗೆ ಊದುವ ಮೊದಲೇ, ನೋವಿನ ಜೊತೆ ಎಂಆರ್‌ಐಯಲ್ಲಿ ಉರಿಯೂತ ಕಂಡ 236 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಒಂದು ವರ್ಷ ಮೆಥೊಟ್ರೆಕ್ಸೇಟ್ ಕೊಟ್ಟರು. 2022ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ ರೋಗ ತಪ್ಪಲಿಲ್ಲ: ಔಷಧಿ ಪಡೆದವರಲ್ಲಿ ಶೇ. 19, ಪಡೆಯದವರಲ್ಲಿ ಶೇ. 18 ಮಂದಿಗೆ ಸಂಧಿವಾತ ಕಾಣಿಸಿಕೊಂಡಿತು. ಆದರೆ ಔಷಧಿ ಪಡೆದವರ ನೋವು, ಬೆಳಗಿನ ಬಿಗಿತ ಎರಡೂ ತಗ್ಗಿ, ಕೈಕೆಲಸ ಸಲೀಸಾಯಿತು. ಇದು ಸಣ್ಣ ಲಾಭವೆಂದು ಬಟ್ಟೆ ಹಿಂಡುವವರು ಹೇಳಲಾರರು.

ಇದನ್ನೆಲ್ಲ ತೂಗಿದರೆ ನನಗೆ ತೋರುವುದು ಇಷ್ಟು: ಅನುಮಾನ ಬಗೆಹರಿಸುವುದರಲ್ಲಿ ಈ ಯಂತ್ರಗಳು ಗಟ್ಟಿ, ಚಿಕಿತ್ಸೆಗೆ ಯಜಮಾನಿಕೆ ಮಾಡಲು ಹೊರಟರೆ ಸೋಲುತ್ತವೆ. ಬೆರಳು ದಪ್ಪಗಿದ್ದು ಊತ ಕೈಗೆ ಸಿಗದಾಗ, ರಕ್ತಪರೀಕ್ಷೆ ನೆಗೆಟಿವ್ ಬಂದೂ ಬಿಗಿತ ಬಿಡದಾಗ, ಅಲ್ಟ್ರಾಸೌಂಡ್ ಕೊಡುವ ಉತ್ತರಕ್ಕೆ ಬೆಲೆಯಿದೆ. ಈ ಸಂಧಿವಾತವನ್ನು ಗುರುತಿಸುವ 2010ರ ಅಂತರರಾಷ್ಟ್ರೀಯ ಮಾನದಂಡವೂ ಇದೇ ಜಾಡಿನದು. ಒಂದು ಕೀಲಾದರೂ ಊದಿರುವುದನ್ನು ವೈದ್ಯರು ಪರೀಕ್ಷಿಸಿ ಕಂಡಿರಬೇಕು, ಉಳಿದವನ್ನು ಖಚಿತಪಡಿಸಿಕೊಳ್ಳಲು ಚಿತ್ರದ ನೆರವು ಪಡೆಯಬಹುದು.

ಹಾಗಾಗಿ ನಾನು ಮೊದಲು ನೋಡುವುದು ಸ್ಕ್ಯಾನಿಗೆ ಬರೆದ ಚೀಟಿಯನ್ನು. ‘ಎರಡೂ ಕೈ, ಎಂಆರ್‌ಐ’ ಎಂದಷ್ಟೇ ಇದ್ದರೆ ಗೆಣ್ಣುಗಳನ್ನು ಯಾರೂ ಅದುಮಿ ನೋಡಿಲ್ಲವೆಂಬ ಗುಮಾನಿ ಹುಟ್ಟುತ್ತದೆ. ‘ಬಲಗೈ ತೋರುಬೆರಳ ಬುಡ, ಆರು ವಾರದ ಬಿಗಿತ, ಊತ ಇದೆಯೇ?’ ಎಂದಿದ್ದರೆ ಯಂತ್ರಕ್ಕೆ ಮಾಡಲು ಒಂದು ಕೆಲಸ ಸಿಕ್ಕಿದಂತಾಯಿತು.