ನಗು ಯಾರ ಖರ್ಚಿನಲ್ಲಿ?



ನಮ್ಮ ಕಳೆದ ಸಿನಿಮಾ ಸಂಜೆ ಜಗಳದಲ್ಲಿ ಮುಗಿದದ್ದು ಬಂದವರಿಗೆಲ್ಲ ನೆನಪಿದೆ. ಬರದವರಿಗಾಗಿ ಎರಡು ಮಾತು. ಆಲ್ಡಿಯ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಹನ್ನೊಂದು ಜನ, ಅಟ್ಲಾಂಟಾ ಮತ್ತು ಷಾರ್ಲೆಟ್‌ನಿಂದ ವಿಡಿಯೋದಲ್ಲಿ ನಾಲ್ವರು, ಒಂದು ದೊಡ್ಡ ಪಾತ್ರೆ ಬಿಸಿಬೇಳೆಭಾತ್, ಮತ್ತು ಬರ್ತ್ರಾಂ ಬ್ಲಿಯೇ ನಿರ್ದೇಶಿಸಿದ 1974ರ ಫ್ರೆಂಚ್ ಚಿತ್ರ ‘ಲೇ ವಾಲ್ಸ್ಯೋಜ್’. ಅಮೆರಿಕದಲ್ಲಿ ಇದು ‘ಗೋಯಿಂಗ್ ಪ್ಲೇಸಸ್’ ಎಂಬ ಸಭ್ಯ ಹೆಸರಿನಲ್ಲಿ ಬಂತು. ಮೂಲ ಹೆಸರಿನ ಆಡುಮಾತಿನ ಅರ್ಥವನ್ನು ಇಲ್ಲಿ ಬರೆದರೆ ಸಂಪಾದಕರು ಕತ್ತರಿಸುತ್ತಾರೆ. ಬ್ಲಿಯೇ 2025ರ ಜನವರಿಯಲ್ಲಿ ತೀರಿಕೊಂಡರು. ಅವರ ನೆನಪಿಗೆ ಅಂತ ಚಿತ್ರವನ್ನು ಆರಿಸಿದವನು ನಾನೇ. ಹಾಗಾಗಿ ಈ ಬರಹ ಅರ್ಧ ವಿಮರ್ಶೆ, ಇನ್ನರ್ಧ ತಪ್ಪೊಪ್ಪಿಗೆ.

ಕತೆ ಸರಳ. ಜಾನ್-ಕ್ಲೋದ್ ಮತ್ತು ಪಿಯೆರೋ ಎಂಬ ಇಬ್ಬರು ಚಿಲ್ಲರೆ ಕಳ್ಳರು. ಕಾರು ಕದಿಯುತ್ತಾರೆ, ಬ್ಯಾಗು ಕಿತ್ತುಕೊಳ್ಳುತ್ತಾರೆ, ದಾರಿಯಲ್ಲಿ ಸಿಕ್ಕ ಹೆಂಗಸರನ್ನು ಕಾಡುತ್ತಾರೆ. ಕದ್ದ ಕಾರಿನ ಒಡೆಯ ಗುಂಡು ಹಾರಿಸಿ ಪಿಯೆರೋನ ತೊಡೆಸಂದಿಗೆ ಗಾಯ ಮಾಡುತ್ತಾನೆ. ಮರಿ-ಆಂಜ್ ಎಂಬ ಹುಡುಗಿ ಇವರ ಜೊತೆ ಸೇರಿಕೊಳ್ಳುತ್ತಾಳೆ. ಆಕೆಗೆ ಯಾರಿಂದಲೂ ಸುಖ ಸಿಗದಿರುವುದೇ ಚಿತ್ರದುದ್ದಕ್ಕೂ ನಡೆಯುವ ತಮಾಷೆ. ಜೆರಾರ್ ದಪಾರ್ದ್ಯು, ಪತ್ರಿಕ್ ದವೇರ್, ಮಿಯು-ಮಿಯು ಮೂವರನ್ನೂ ತಾರೆಯರನ್ನಾಗಿ ಮಾಡಿದ ಚಿತ್ರ ಇದು. ಫ್ರಾನ್ಸಿನಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಟಿಕೇಟು ಮಾರಾಟವಾದವು. ಇಲ್ಲಿ ಪಾಲಿನ್ ಕೇಲ್ ಮೆಚ್ಚಿ ಬರೆದರು, ರೋಜರ್ ಎಬರ್ಟ್ ಒಂದೇ ನಕ್ಷತ್ರ ಕೊಟ್ಟು ಸ್ತ್ರೀದ್ವೇಷದ ಚಿತ್ರವೆಂದು ಝಾಡಿಸಿದರು. ಐವತ್ತು ವರ್ಷದ ಮೇಲೆ ನಮ್ಮ ಬೇಸ್‌ಮೆಂಟು ಸರಿಯಾಗಿ ಅದೇ ಗೆರೆಯ ಮೇಲೆ ಒಡೆಯಿತು.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಪ್ರಶ್ನೆ ಇಷ್ಟೇ: ಈ ಚಿತ್ರದ ಕ್ರೌರ್ಯ ಬಗ್ಗೋ, ಫೀಚರ್ರೋ?

ಫೀಚರ್ ಎಂದವರ ವಾದ ಹಗುರವಾದದ್ದಲ್ಲ. 1968ರ ಕನಸು ಆರಿಹೋದ ಮೇಲಿನ ಫ್ರಾನ್ಸು ಅದು; ಸೀಸನ್ ಮುಗಿದು ಖಾಲಿ ಬಿದ್ದ ಕಡಲತೀರದ ಊರು, ಯಾರಿಗೂ ಸೇರದ ರಸ್ತೆಗಳು. ಈ ಹುಡುಗರ ಗಂಡಸುತನವೇ ಗುಂಡೇಟು ತಿಂದಿದೆ. ಚಿತ್ರ ನಗುವುದು ಹೆಂಗಸರನ್ನಲ್ಲ, ಇವರನ್ನು ಎಂದು ಅಟ್ಲಾಂಟಾದ ಗೆಳೆಯರು ಬಲವಾಗಿ ಹೇಳಿದರು. ಅದಕ್ಕೆ ಸಾಕ್ಷಿಯಾಗಿ ಜಾನ್ ಮೊರೋ ಭಾಗವನ್ನು ತೋರಿಸಿದರು. ಜೈಲಿನಿಂದ ಹೊರಬಂದ ಹೆಂಗಸು, ಇವರ ಜೊತೆ ಒಂದು ರಾತ್ರಿ ಕಳೆದು, ತನಗೆ ತಾನೇ ಗುಂಡು ಹಾರಿಸಿಕೊಳ್ಳುತ್ತಾಳೆ. ಆ ಕ್ಷಣ ಹುಡುಗರ ಮುಖ ನೋಡಿದರೆ ಲೋಕ ತಮ್ಮ ಆಟದ ಮೈದಾನವಲ್ಲ ಅಂತ ಮೊದಲ ಸಲ ತಿಳಿದಂತಿದೆ. ಒಪ್ಪುತ್ತೇನೆ. ಆ ಹತ್ತು ಹದಿನೈದು ನಿಮಿಷ ಯಾವ ದೊಡ್ಡ ಚಿತ್ರಕ್ಕೂ ಕಮ್ಮಿಯಿಲ್ಲ.

ಜಗಳ ಹತ್ತಿದ್ದು ರೈಲಿನ ದೃಶ್ಯಕ್ಕೆ. ಸೈನಿಕ ಗಂಡನನ್ನು ನೋಡಲು ಹೊರಟ ಎಳೆಯ ತಾಯಿ, ಮಡಿಲಲ್ಲಿ ಕೂಸು, ಡಬ್ಬಿಯಲ್ಲಿ ಬೇರೆ ಯಾರೂ ಇಲ್ಲ. ಹುಡುಗರು ದುಡ್ಡು ಚಾಚಿ, ಪಿಯೆರೋಗೂ ಹಾಲೂಡಿಸು ಎನ್ನುತ್ತಾರೆ. ಆಕೆ ಹೆದರುತ್ತಾಳೆ, ಒಪ್ಪುತ್ತಾಳೆ, ಆಮೇಲೆ ಆಕೆಗೆ ಅದು ಹಿಡಿಸುವಂತೆಯೂ ಚಿತ್ರ ತೋರಿಸುತ್ತದೆ. ನಮ್ಮಲ್ಲಿ ಕೆಲವರು ಜೋರಾಗಿ ನಕ್ಕರು. ನಾನೂ ನಕ್ಕೆ. ರಜಕ್ಕೆ ಮನೆಗೆ ಬಂದಿದ್ದ ಮಗಳು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ಪಾತ್ರೆ ಒರೆಸುತ್ತಾ ಕೇಳಿದಳು: “ಅಪ್ಪ, ಆ ರೈಲಿನಲ್ಲಿ ನಗೋ ಅಂಥದ್ದು ಏನಿತ್ತು?”

ಉತ್ತರ ಹೊಳೆಯಲಿಲ್ಲ. ಆದರೆ ಎರಡು ದಿನ ಬಿಟ್ಟು, ರೂಟ್ 50ರ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ, ನೆನಪಿಗೆ ಬಂದದ್ದು ಫ್ರಾನ್ಸ್ ಅಲ್ಲ, ಗಿರೀಶ್ ಕಾರ್ನಾಡರ ‘ತುಘಲಕ್’.

1964ರ ಆ ನಾಟಕದಲ್ಲೂ ಇಬ್ಬರು ಚಿಲ್ಲರೆ ಕಳ್ಳರಿದ್ದಾರಲ್ಲ: ಅಗಸ ಅಜೀಜ, ಜೇಬುಗಳ್ಳ ಆಜಮ್. ಕಂಪನಿ ನಾಟಕಗಳಲ್ಲಿ ಹಿಂದೆ ದೊಡ್ಡ ಸೀನು ಜೋಡಿಸುವಾಗ ಪರದೆಯ ಮುಂದೆ ಹಾಸ್ಯದ ಜೋಡಿಯನ್ನು ಬಿಡುತ್ತಿದ್ದರು. ಆ ಪದ್ಧತಿಯಿಂದಲೇ ಇವರಿಬ್ಬರು ಹುಟ್ಟಿದರೆಂದು ಕಾರ್ನಾಡರೇ ಬರೆದಿದ್ದಾರೆ. ಅಜೀಜ ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೇ ದಾವೆ ಗೆದ್ದು ನೌಕರಿ ಗಿಟ್ಟಿಸುತ್ತಾನೆ. ನಮಗೆ ಅವನೆಂದರೆ ಇಷ್ಟ. ಬ್ಲಿಯೇ ಹುಡುಗರಿಗಿಂತ ನೂರು ಪಾಲು ಚುರುಕು ಅವನು.

ಆಮೇಲೆ ದೌಲತಾಬಾದಿನ ದಾರಿ ಬರುತ್ತದೆ. ಅಲ್ಲೂ ಒಬ್ಬ ತಾಯಿ, ಮಡಿಲಲ್ಲಿ ಸಾಯುತ್ತಿರುವ ಕೂಸು, ಎದುರಿಗೆ ಇಬ್ಬರು ಕಳ್ಳರು, ನಡುವೆ ದುಡ್ಡು! ವೈದ್ಯರ ಹತ್ತಿರ ಹೋಗಲು ಬಿಡಿ ಎಂದು ಆಕೆ ಬೇಡುತ್ತಾಳೆ. ಅಜೀಜ ಲಂಚ ಕೇಳುತ್ತಾನೆ. ಅವಳ ಹತ್ತಿರ ಇರುವುದು ವೈದ್ಯನಿಗೆಂದು ಕಟ್ಟಿಕೊಂಡ ದುಡ್ಡು ಮಾತ್ರ. ಬಿಡುವುದಿಲ್ಲ ಅವನು. ಪಾಪ ಬಿಡಬಾರದಿತ್ತೇ ಎಂದು ಆಜಮ್ ಕೇಳಿದರೆ, ಹೇಗೂ ಉಳಿಯದ ಮಗುವಿಗೆ ದುಡ್ಡು ದಂಡ, ಅದನ್ನು ನನಗೆ ಕೊಟ್ಟರೇನು ಎಂಬ ಧಾಟಿಯ ಲೆಕ್ಕ ಹೇಳುತ್ತಾನೆ. ಲೆಕ್ಕ ಎಷ್ಟು ನುಣುಪಾಗಿದೆ ಎಂದರೆ ತುಟಿಯಂಚಿಗೆ ನಗು ಬರುತ್ತದೆ. ಮರುಕ್ಷಣ ಆ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಎರಡೂ ದೃಶ್ಯದಲ್ಲಿ ತಾಯಿಗೆ ಹೆಸರಿಲ್ಲ, ಎರಡೂ ಕೆಲವೇ ನಿಮಿಷದವು. ವ್ಯತ್ಯಾಸ ಎಲ್ಲಿದೆ? ನನಗೆ ಕಂಡದ್ದು ಇದು. ಕಾರ್ನಾಡರ ತಾಯಿಗೆ ಬೇಕಾದದ್ದು ಕೊನೆಯವರೆಗೂ ಒಂದೇ: ತನ್ನ ಮಗು ಬದುಕಬೇಕು. ಅಜೀಜನ ಜಾಣತನಕ್ಕೆ, ನಾಟಕಕಾರನ ಅನುಕೂಲಕ್ಕೆ ಆ ಬಯಕೆ ಒಂದಿಂಚೂ ಬಗ್ಗುವುದಿಲ್ಲ. ಬ್ಲಿಯೇ ಮಾತ್ರ ರೈಲಿನ ತಾಯಿಯ ಬಯಕೆಯನ್ನೇ ತಿದ್ದಿಬಿಡುತ್ತಾರೆ. ಆಕೆಗೂ ಹಿಡಿಸಿತು ಎಂದ ಕೂಡಲೇ ಹುಡುಗರಿಗೆ, ಅವರ ಜೊತೆ ನಮಗೆ, ಸಾಲ ತೀರಿತು ಎಂಬ ರಸೀದಿ ಸಿಕ್ಕಂತಾಯಿತು. ನಾನು ನಕ್ಕದ್ದು ಆ ರಸೀದಿಯ ಧೈರ್ಯದಿಂದ.

ಇದು ಮಡಿವಂತಿಕೆಯಲ್ಲವೇ ಎಂದು ಷಾರ್ಲೆಟ್‌ನ ಗೆಳೆಯರೊಬ್ಬರು ಕೇಳಿದರು. ಅಲ್ಲ. ಕೆಟ್ಟವರ ಕತೆ ಹೇಳಬಾರದೆಂದು ನನ್ನ ವಾದವಲ್ಲ. 2007ರಲ್ಲಿ ಸೂರಿಯ ‘ದುನಿಯಾ’ ಬಂದಾಗ ಮಚ್ಚಿನ ಸಿನಿಮಾ ಎಂದು ಮೂಗು ಮುರಿದವರೂ ಇದ್ದರು, ಅಪ್ಪಟ ವಾಸ್ತವ ಎಂದವರೂ ಇದ್ದರು. ನಾನು ಎರಡನೇ ಪಾರ್ಟಿ. ಸತ್ತ ತಾಯಿಗೊಂದು ಸಮಾಧಿ ಕಟ್ಟಿಸುವ ದುಡ್ಡಿಗಾಗಿ ಕಲ್ಲುಕ್ವಾರಿಯಿಂದ ಬೆಂಗಳೂರಿಗೆ ಬಂದ ಶಿವಲಿಂಗು ಪಾತಕಿಯಾಗುವುದನ್ನು ನೋಡಿದೆವು, ಯೋಗೇಶನ ಲೂಸ್ ಮಾದನಿಗೆ ನಕ್ಕೆವು. ಆದರೆ ಹೊಡೆತ ತಿಂದವನಿಗೆ ಹೊಡೆತ ಹಿತವಾಗಿತ್ತು ಅಂತ ಸೂರಿ ಎಲ್ಲೂ ನಮಗೆ ಹೇಳಲಿಲ್ಲ.

ಇನ್ನು, ದಪಾರ್ದ್ಯು ವಿಷಯ. 2021ರ ಚಿತ್ರೀಕರಣವೊಂದರಲ್ಲಿ ಇಬ್ಬರು ಮಹಿಳೆಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ ಅಪರಾಧಕ್ಕೆ 2025ರ ಮೇ ತಿಂಗಳಲ್ಲಿ ಪ್ಯಾರಿಸ್ ನ್ಯಾಯಾಲಯ ಅವರಿಗೆ 18 ತಿಂಗಳ ಅಮಾನತು ಶಿಕ್ಷೆ ಕೊಟ್ಟಿತು. ಮೇಲ್ಮನವಿ ಹೋಗುವುದಾಗಿ ಅವರ ವಕೀಲರು ಹೇಳಿದರು. ಅದಕ್ಕೇ ಚಿತ್ರ ಕೆಟ್ಟದು ಎಂದು ಕೆಲವರು ಆ ಸಂಜೆ ವಾದಿಸಿದರು. ಈ ದಾರಿ ನನಗೆ ಬೇಡ. ನಟನ ತಪ್ಪನ್ನು ಪಾತ್ರದ ಲೆಕ್ಕಕ್ಕೆ ಬರೆದರೆ ನಮ್ಮ ತಪ್ಪು ನಮ್ಮ ಲೆಕ್ಕದಿಂದ ಸದ್ದಿಲ್ಲದೆ ಜಾರಿಹೋಗುತ್ತದೆ. ರೈಲಿನ ದೃಶ್ಯದಲ್ಲಿರುವ ಸುಳ್ಳು 1974ರಲ್ಲೂ ಇತ್ತು. ಅದನ್ನು ಕಾಣಲು ನ್ಯಾಯಾಲಯ ಬೇಕಿರಲಿಲ್ಲ, ಮೆಟ್ಟಿಲ ಮೇಲಿಂದ ನೋಡುವ ಒಂದು ಜೊತೆ ಕಣ್ಣು ಸಾಕಿತ್ತು.

ಹಾಗಾದರೆ ಚಿತ್ರ ನೋಡಬಾರದೇ? ನೋಡಬೇಕು ಅಂತಲೇ ಹೇಳುತ್ತೇನೆ. ಮೊರೋಗಾಗಿ, ಸ್ತೆಫಾನ್ ಗ್ರಾಪೆಲಿಯ ಪಿಟೀಲಿಗಾಗಿ, ಮತ್ತು ತಾನು ಎಲ್ಲೆಲ್ಲಿ ನಗುತ್ತೇನೆ ಎಂದು ತಾನೇ ಎಣಿಸಿಕೊಳ್ಳುವುದಕ್ಕಾಗಿ. ಮೆಚ್ಚಿದ ಗೆಳೆಯರು ನನಗಿಂತ ಒರಟರೇನೂ ಅಲ್ಲ. ಅವರು ಮೊರೋ ಸಾವಿನ ಬೆಳಕಿನಲ್ಲಿ ಇಡೀ ಚಿತ್ರ ನೋಡಿದರು, ನಾನು ರೈಲಿನ ಬೆಳಕಿನಲ್ಲಿ ನೋಡುತ್ತಿದ್ದೇನೆ.

ಮಗಳಿಗೆ ಇಷ್ಟೆಲ್ಲ ಹೇಳಿದೆ. ಕೇಳಿಸಿಕೊಂಡು, “ಆ ಇನ್ನೊಂದು ನಾಟಕ ಇಂಗ್ಲಿಷಿನಲ್ಲಿ ಇದೆಯಾ?” ಅಂದಳು. ಕಾರ್ನಾಡರೇ ಮಾಡಿದ ಅನುವಾದವನ್ನು ಕಪಾಟಿನಿಂದ ತೆಗೆದುಕೊಟ್ಟಿದ್ದೇನೆ. ಮುಂದಿನ ಭೇಟಿಗೆ ನಾವೂ ‘ತುಘಲಕ್’ ಇಟ್ಟುಕೊಳ್ಳೋಣವೇ? ಬಿಸಿಬೇಳೆಭಾತ್ ಮತ್ತೆ ನಮ್ಮದೇ. ಒಪ್ಪದವರು ಖಂಡಿತ ಬರೆಯಿರಿ; ಅಟ್ಲಾಂಟಾದವರು ಸುಮ್ಮನಿರುವುದಿಲ್ಲ ಅಂತ ಗೊತ್ತು.