ಲಕ್ಕಮ್ಮ ಹಿಂದಕ್ಕೆ ಕಳಿಸಿದ ಅಕ್ಕಿ

ಬೀದರಿನ ಒಂದು ಕಚೇರಿಯಲ್ಲಿ ಕೆಲವು ತಿಂಗಳ ಹಿಂದೆ ತರಬೇತಿಗೆ ಕೂತಿದ್ದೆ. ಕೆಲಸದ ಜಾಗದಲ್ಲಿ ನಿರಂತರ ಸುಧಾರಣೆಯನ್ನು ಮುಖ್ಯಸ್ಥರು ಹೇಗೆ ರೂಢಿಗೆ ತರಬೇಕು ಎಂಬುದು ವಿಷಯ. ಜಪಾನಿನ ಕೈಜೆನ್ ಬಂತು. ದೋಷ ಕಂಡ ಕೆಲಸಗಾರ ಹಗ್ಗ ಜಗ್ಗಿ ಉತ್ಪಾದನೆಯ ಸಾಲನ್ನೇ ನಿಲ್ಲಿಸಬಹುದು ಎಂಬ ಟೊಯೋಟಾದ ಪದ್ಧತಿ ಬಂತು. ಭಾಷಣಕಾರರ ಬೆನ್ನ ಹಿಂದೆ ಬಸವಣ್ಣನ ಚಿತ್ರ, ಅದರ ಕೆಳಗೆ ಕಾಯಕವನ್ನು ಕೈಲಾಸವೆನ್ನುವ ಆ ಪ್ರಸಿದ್ಧ ಮಾತು. ನಡುವೆ ಮೇಲಧಿಕಾರಿ ಒಳಗೆ ಬಂದರು. ಎಲ್ಲರೂ ಪೆನ್ನು ಕೆಳಗಿಟ್ಟು ಎದ್ದು ನಿಂತೆವು.

ಆ ಮಾತು ಬಸವಣ್ಣನದಲ್ಲ, ಆಯ್ದಕ್ಕಿ ಮಾರಯ್ಯನದು. ಅದಕ್ಕಿಂತ ಮುಖ್ಯವಾದದ್ದು, ಅದು ಬರುವ ವಚನದ ಒಟ್ಟು ಧಾಟಿ. ಕಾಯಕದಲ್ಲಿ ತೊಡಗಿದವನು ಗುರು ಬಂದರೂ, ಜಂಗಮ ಮುಂದೆ ನಿಂತರೂ ಅದರ ಪರಿವೆ ಇಲ್ಲದಿರಬೇಕು ಎಂಬುದು ಅದರ ಹುರುಳು. ಅಂದರೆ ಅದು ಕೆಳಗಿನವರನ್ನು ದುಡಿಸಲು ಮೇಲಿನವರು ಹೇಳುವ ಮಾತಲ್ಲ. ದೊಡ್ಡವರು ಬಂದರೆಂದು ಕೈಯ ಕೆಲಸ ಬಿಡಬೇಕಾಗಿಲ್ಲ ಎಂದು ದುಡಿಯುವವನೇ ಹೇಳಿದ ಮಾತು. ನಾವು ಅದನ್ನು ಗೋಡೆಗೆ ಅಂಟಿಸಿ, ಅದರ ಕೆಳಗೇ ಎದ್ದು ನಿಂತಿದ್ದೆವು.

ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿ ಈ ಮಾರಯ್ಯನ ಪ್ರಸಂಗವಿದೆ. ಅವನ ಕಾಯಕ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು. ಅಲ್ಲಮನ ಜೊತೆ ಮಾತಿಗೆ ಕೂತು ಅವನು ಅದನ್ನೇ ಮರೆಯುತ್ತಾನೆ. ಹೆಂಡತಿ ಲಕ್ಕಮ್ಮ ನೆನಪಿಸಿ ಕಳಿಸುತ್ತಾಳೆ. ಅವಸರದಲ್ಲಿ ಓಡಿದವನು ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತರುತ್ತಾನೆ. ಲಕ್ಕಮ್ಮ ಅದನ್ನು ಮುಟ್ಟುವುದಿಲ್ಲ. ತಂದಲ್ಲೇ ಸುರಿದು ಬಾ ಎನ್ನುತ್ತಾಳೆ. ಜನರ ಬಾಯಲ್ಲಿರುವ ಕತೆಯಲ್ಲಿ ಬಸವಣ್ಣನೇ ಬೇಕೆಂದು ಹೆಚ್ಚು ಚೆಲ್ಲಿಸಿದ್ದನಂತೆ. ಹಾಗಿದ್ದರೆ ಆಕೆಯ ಮಾತು ಗಂಡನಿಗೆ ಎಷ್ಟೋ ಬಿಜ್ಜಳನ ಭಂಡಾರಿಗೂ ಅಷ್ಟೇ ತಾಗುತ್ತದೆ.

ಡಾಬಕಾ ಕಡೆಯವರಿಗೆ ಈ ಚಿತ್ರ ಬಿಡಿಸಿ ಹೇಳಬೇಕಾಗಿಲ್ಲ. ಭತ್ತ ನಮ್ಮ ಹೊಲದ ಬೆಳೆಯಲ್ಲ, ಆದರೆ ತೊಗರಿ ಕೊಯ್ದ ಮೇಲೆ ಹಕ್ಕಲು ಆಯುವವರನ್ನು ನೋಡುತ್ತಲೇ ಬೆಳೆದಿದ್ದೇವೆ. ಹಕ್ಕಲು ಆಯುವವಳು ಹೊಲದ ಒಡೆಯನಿಗೆ ಲೆಕ್ಕದ ಪಾಠ ಹೇಳುವುದನ್ನು ಊಹಿಸಿಕೊಂಡರೆ ಈ ಪ್ರಸಂಗದ ಧೈರ್ಯ ತಿಳಿಯುತ್ತದೆ. ಇನ್ನೂ ಒಂದು ಮಾತು: ಇಲ್ಲಿ ತಿದ್ದುಪಡಿ ಎಂದರೆ ಕಡಿಮೆ ತರುವುದು. ತರಬೇತಿಯ ಪರದೆಯ ಮೇಲೆ ಸುಧಾರಣೆಯ ಗೆರೆ ಪ್ರತಿ ಸಲ ಮೇಲಕ್ಕೇ ಹೋಗುತ್ತಿತ್ತು. ಹಗ್ಗ ಜಗ್ಗುವ ಪದ್ಧತಿಗೆ ಹೆಸರಾದ ಅದೇ ಟೊಯೋಟಾದ ಬಿಡದಿ ಕಾರ್ಖಾನೆಯಲ್ಲಿ 2020ರ ನವೆಂಬರಿನಲ್ಲಿ ಮುಷ್ಕರ, ಲಾಕ್‌ಔಟ್ ಎರಡೂ ನಡೆದವು. ಕೆಲಸದ ಹೊರೆ ಹೆಚ್ಚಿತೆಂಬುದು ಕಾರ್ಮಿಕ ಸಂಘದ ದೂರುಗಳಲ್ಲೊಂದು. ಸಾಕು ಎನ್ನುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಯನ್ನು ಲಕ್ಕಮ್ಮ ಎತ್ತಿದಷ್ಟು ನೇರವಾಗಿ ನಮ್ಮ ತರಬೇತುದಾರರು ಎತ್ತಲಿಲ್ಲ.

ಇದನ್ನೆಲ್ಲ ಹನ್ನೆರಡನೆಯ ಶತಮಾನದ ಕಲ್ಯಾಣದ ದಿನಚರಿ ಎಂದು ಓದಬಾರದು. ಕೃತಿ ಹುಟ್ಟಿದ್ದು ಶತಮಾನಗಳ ನಂತರ. ಒಳ್ಳೆಯ ಸಭೆ ಹೀಗಿರಬೇಕಿತ್ತು ಎಂಬ ಹಂಬಲ ಅದರಲ್ಲಿದೆ. ಆದರೂ ಆ ಹಂಬಲದ ಬಗೆ ನನಗೆ ಮುಖ್ಯವೆನಿಸುತ್ತದೆ. ತಮ್ಮ ನಾಯಕನನ್ನು ದೊಡ್ಡವನನ್ನಾಗಿ ತೋರಿಸಬೇಕಾದ ಭಕ್ತ ಸಂಕಲನಕಾರರು, ಅವನ ಅಂಗಳದ ಅಕ್ಕಿ ಹಿಂದಕ್ಕೆ ಬಂದದ್ದನ್ನು ಮರೆಮಾಚಲಿಲ್ಲ. ಮಹಾಮನೆಯಲ್ಲಿ ಮಾತು ಕೆಳಗಿನಿಂದ ಮೇಲಕ್ಕೂ ಹರಿಯಿತು ಎಂದು ನಂಬಿದರು. ಅದು ಬಿಜ್ಜಳನ ಅರಮನೆಯವರೆಗೆ ಹರಿಯಲಿಲ್ಲ. ಬಸವಣ್ಣನೂ ಅಲ್ಲಿ ಸಂಬಳದ ಆಳೇ ಆಗಿದ್ದ ಎಂಬುದನ್ನು ನಾಯಕತ್ವದ ಪಾಠ ಹೇಳುವವರು ಸುಲಭವಾಗಿ ಮರೆಯುತ್ತಾರೆ.

ಶೂನ್ಯಸಂಪಾದನೆ ಎಂಬ ಕೃತಿಯೂ ತಿದ್ದಿಸಿಕೊಳ್ಳುತ್ತಲೇ ಬೆಳೆದದ್ದು. ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯ ಹೀಗೆ ನಾಲ್ಕು ಕೈ ದಾಟಿತು. ಹಿಂದಿನವನದು ಪೂರ್ಣವಲ್ಲ ಎಂದು ಮುಂದಿನವನು ಹೇಳಬಹುದಿತ್ತು. ಇದು ನನಗೆ ಇಷ್ಟ. ಆದರೆ ಪ್ರತಿಯೊಂದು ತಿದ್ದುಪಡಿಯೂ ಒಳಿತೇ ಎನ್ನಲಾರೆ. ಮಹದೇವಯ್ಯನಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆಯಿಲ್ಲ. ಹೊಲ, ಕೆರೆ, ಗುಡಿಗಳ ಕೆಲಸದ ಮನುಷ್ಯ ಹಾಗೆಯೇ ಅರಿವಿಗೆ ಬರುತ್ತಾನೆ. ನಂತರದವರಿಗೆ ಅದು ಕೊರತೆಯಾಗಿ ಕಂಡಿತು, ದೀಕ್ಷೆ ಮಾಡಿಸಿದರು. ಕೃತಿ ಇನ್ನಷ್ಟು ವ್ಯವಸ್ಥಿತವಾಯಿತು, ಬಾಗಿಲು ಸ್ವಲ್ಪ ಕಿರಿದಾಯಿತು. ಮೊದಲ ಪಾಠವನ್ನೂ ಯಾರೋ ಪ್ರತಿ ಮಾಡಿ ಉಳಿಸಿದ್ದರಿಂದ ಇವೆರಡನ್ನೂ ಇಂದು ಪಕ್ಕಪಕ್ಕದಲ್ಲಿಟ್ಟು ಓದಬಹುದು.